ಗದಗ ಸೀಮೆಯಲ್ಲಿ ಬಾವಿ ಕೇಳುತ್ತ ಹೊರಟರೆ

ಹಂಪಿಗೆ, ಬಾದಾಮಿಗೆ ಹೋಗುವವರು ಗದಗಿನ ಮೇಲೆ ಹಾದು ಹೋಗುತ್ತಾರೆ, ಇಳಿಯುವವರು ಕಡಿಮೆ. ನಾನಂತೂ ಚಳಿಗಾಲ ಬಂತೆಂದರೆ ಗದಗಿನಲ್ಲೇ ಒಂದು ರೂಮು ಹಿಡಿದು ಕಾರಿನಲ್ಲಿ ಸುತ್ತಲಿನ ಊರು ತಿರುಗುತ್ತೇನೆ. ಲಕ್ಕುಂಡಿ, ಡಂಬಳ, ಇಟಗಿ, ಕುಕನೂರು, ಸೂಡಿ ಎಲ್ಲವೂ ಬೆಳಿಗ್ಗೆ ಹೋಗಿ ಸಂಜೆಗೆ ಮರಳುವಷ್ಟು ಹತ್ತಿರ. ತಿರುಗುತ್ತ ತಿರುಗುತ್ತ ನನ್ನದೇ ಒಂದು ರೂಢಿ ಬೆಳೆದಿದೆ. ಯಾವ ಊರಿಗೆ ಹೋದರೂ ಗುಡಿಯ ಜೊತೆಗೆ ಅಲ್ಲಿಯ ಹಳೆಯ ನೀರನ್ನೂ ಹುಡುಕುತ್ತೇನೆ: ಬಾವಿ, ಹೊಂಡ, ಕೆರೆ.

ಈ ರೂಢಿ ಹತ್ತಿಸಿದವರು ಡಂಬಳದ ಒಬ್ಬ ಹಿರಿಯರು. ದೊಡ್ಡಬಸಪ್ಪನ ಗುಡಿ ನೋಡಿ ಹೊರಬಂದಿದ್ದೆ. ಕಟ್ಟೆಯ ಮೇಲೆ ಕುಳಿತಿದ್ದ ಅವರು, "ಗುಡಿ ನೋಡಿದ್ರಿ, ಜಪದ ಬಾವಿ ನೋಡದ ಹೊಂಟೀರೇನ್ರಿ?" ಎಂದರು. "ಅದೆಲ್ಲೈತ್ರಿ ಅಜ್ಜಾರ?" ಅಂದೆ. ದಾರಿ ಹೇಳುವ ಬದಲು ಚಪ್ಪಲಿ ಮೆಟ್ಟಿ ತಾವೇ ಎದ್ದು ಬಂದರು. ಕಲ್ಲು ಕಟ್ಟಿದ ಬಾವಿ, ಇಳಿಯಲು ಮೆಟ್ಟಿಲು, ಒಳಗೋಡೆಯಲ್ಲಿ ಸಣ್ಣ ಸಣ್ಣ ಗೂಡುಗಳು. ಆ ಗೂಡುಗಳಲ್ಲಿ ಕೂತು ಹಿಂದಿನವರು ಜಪ ಮಾಡುತ್ತಿದ್ದರು ಎಂಬುದು ಊರವರ ಮಾತು. ಮೇಲೆ ಸುಡುವ ಬಿಸಿಲಿದ್ದರೂ ನಾಲ್ಕು ಮೆಟ್ಟಿಲು ಇಳಿದರೆ ಸಾಕು, ಮೈಗೆ ತಂಪು ತಾಗುತ್ತದೆ.

ಅಲ್ಲಿಂದ ಕೆರೆಯ ಏರಿಗೆ ಬಂದೆವು. ದೂರದಲ್ಲಿ ಕಪ್ಪತಗುಡ್ಡದ ಸಾಲು. ಔಷಧಿ ಸಸ್ಯಗಳಿಗೆ ಹೆಸರಾದ ಈ ಗುಡ್ಡವನ್ನು 2019ರಲ್ಲಿ ವನ್ಯಜೀವಿಧಾಮ ಎಂದು ಘೋಷಿಸಿದ್ದಾರೆ. ಏರಿಯ ಮೇಲೆ ನಿಂತಾಗ ಇಡೀ ಸೀಮೆಯ ಲೆಕ್ಕ ಹೊಳೆಯಿತು. ಉತ್ತರಕ್ಕೆ ಮಲಪ್ರಭೆ, ದಕ್ಷಿಣಕ್ಕೆ ತುಂಗಭದ್ರೆ, ಎರಡರ ನಡುವಿನ ಎರಿ ನೆಲಕ್ಕೆ, ಅಂದರೆ ಕಪ್ಪು ಮಣ್ಣಿನ ನೆಲಕ್ಕೆ, ಮಳೆಯೇ ಗತಿ. ಇಂಥಲ್ಲಿ ಊರು ನಿಲ್ಲಬೇಕಾದರೆ ಬಿದ್ದ ಮಳೆಯನ್ನು ಹಿಡಿದಿಡಬೇಕು. ನೀರು ನಿಂತಲ್ಲಿ ಜನ ನಿಂತರು, ವ್ಯಾಪಾರ ಬೆಳೆಯಿತು, ಗುಡಿಗೆ ಹಣ ಬಂತು. ಶಾಸನಗಳಲ್ಲಿ ಧರ್ಮವೊಳಲ್ ಎಂದು ಬರುವ ಈ ಡಂಬಳ ಸೆಟ್ಟಿಗಳ ಊರಾಗಿತ್ತು. ಇಲ್ಲಿ ಬೌದ್ಧರ ತಾರಾದೇವಿಯನ್ನು ಸ್ತುತಿಸುವ, 1095ರ ಸುಮಾರಿನ ಶಾಸನ ಸಿಕ್ಕಿದೆ. ಹದಿನಾರು ಸೆಟ್ಟಿಗಳು ಕೂಡಿ ವಿಹಾರ ಕಟ್ಟಿಸಿದ್ದನ್ನು ಅದು ಹೇಳುತ್ತದೆ. ಹನ್ನೊಂದನೇ ಶತಮಾನ ಮುಗಿಯುವ ಹೊತ್ತಿನಲ್ಲೂ ಕನ್ನಡ ನಾಡಿನ ಈ ಮೂಲೆಯಲ್ಲಿ ಬೌದ್ಧರಿದ್ದರು! ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ದೊಡ್ಡಬಸಪ್ಪನ ಗುಡಿಗೆ ಅರ್ಧ ದಿನ ಕೊಟ್ಟರೂ ಹೆಚ್ಚಲ್ಲ. ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರ. ಒಂದು ಚೌಕ ಬರೆದು, ಅದೇ ಕೇಂದ್ರದ ಮೇಲೆ 15 ಡಿಗ್ರಿ ತಿರುಗಿಸಿ ಮತ್ತೊಂದು, ಮತ್ತೆ 15 ಡಿಗ್ರಿಗೆ ಇನ್ನೊಂದು, ಹೀಗೆ ಆರು ಚೌಕ ಬರೆದರೆ 24 ಮೂಲೆ ಮೂಡುತ್ತವೆ. ಮಕ್ಕಳು ಜೊತೆಗಿದ್ದರೆ ಅಲ್ಲೇ ನೆಲದ ಮೇಲೆ ಕಡ್ಡಿಯಿಂದ ಬರೆದು ತೋರಿಸಿ, ಆಮೇಲೆ ಗೋಡೆಯ ಸುತ್ತ ನಡೆಸಿ. ಹನ್ನೆರಡನೇ ಶತಮಾನದ ಶಿಲ್ಪಿಯ ಲೆಕ್ಕ ಕಾಲಿಗೇ ತಿಳಿಯುತ್ತದೆ. ಬಿಸಿಲು ಓರೆಯಾಗಿ ಬೀಳುವ ಹೊತ್ತಾದರೆ ಒಂದು ಮಡಿಕೆ ಬೆಳಕು, ಪಕ್ಕದ್ದು ನೆರಳು, ಮತ್ತೆ ಬೆಳಕು. ನಡುಮಧ್ಯಾಹ್ನ ಹೋದವರಿಗೆ ಇದು ಕಾಣುವುದೇ ಇಲ್ಲ. ಹಾಗಾಗಿ ಗುಡಿಗಳಿಗೆ ಬೆಳಗು, ಸಂಜೆ. ಮಧ್ಯಾಹ್ನವೇನಿದ್ದರೂ ಬಾವಿಗೆ, ಊಟಕ್ಕೆ.

ಲಕ್ಕುಂಡಿ ಗದಗಿನಿಂದ ಹನ್ನೆರಡು ಕಿಲೋಮೀಟರ್, ಕೊಪ್ಪಳದ ರಸ್ತೆಯಲ್ಲೇ ಇದೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇಲ್ಲಿದೆ. ರನ್ನನಿಗೆ ಆಶ್ರಯ ಕೊಟ್ಟವಳು, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದವಳು ಅವಳೇ. ಓಲೆಗರಿಯ ಕಾಲದಲ್ಲಿ ಸಾವಿರ ಪ್ರತಿ ಎಂದರೆ ಎಷ್ಟು ಕೈಗಳ ಕೆಲಸ! ಕಾಶಿ ವಿಶ್ವನಾಥನ ಗುಡಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುವುದು ಬಾಗಿಲವಾಡದ ಮುಂದೆ. ಬಳ್ಳಿಯ ಸುರುಳಿ, ಸಣ್ಣ ಕಂಬ, ಮತ್ತೆ ಬಳ್ಳಿ ಎಂದು ಪಟ್ಟಿಯ ಪಕ್ಕ ಪಟ್ಟಿ. ಒಳಗೆ ತಿರುಗಣೆಗೆ ಹಾಕಿದಂಥ ಕಂಬಗಳು. ಒಂದು ಸಣ್ಣ ಬ್ಯಾಟರಿ ಒಯ್ದು ಕಂಬಕ್ಕೆ ಬದಿಯಿಂದ ಬೆಳಕು ಬಿಡಿ, ಉಂಗುರ ಉಂಗುರವಾದ ಗೆರೆಗಳು ಎದ್ದು ಕಾಣುತ್ತವೆ. ಬಳಪದ ಕಲ್ಲಾದ್ದರಿಂದ ಇಷ್ಟು ನವಿರು ಸಾಧ್ಯವಾಯಿತು. ಗಣಿಯಿಂದ ತೆಗೆದಾಗ ಮೆದು, ಗಾಳಿ ಬಿಸಿಲಿಗೆ ಬರಬರುತ್ತ ಗಟ್ಟಿ.

ಅದೇ ಊರಿನ ಮಾಣಿಕೇಶ್ವರ ಗುಡಿಯ ಮಗ್ಗುಲಲ್ಲಿ ಮುಸುಕಿನ ಬಾವಿ. ಮೆಟ್ಟಿಲುಗಳ ನಡುನಡುವೆ ಪುಟ್ಟ ಗುಡಿಯಂಥ ಗೂಡುಗಳು. ನೂರೊಂದು ಗುಡಿ, ನೂರೊಂದು ಬಾವಿ ಎಂದು ಊರವರು ಹೇಳುವುದನ್ನು ಕೇಳಿ ಎಲ್ಲರೂ ಗುಡಿಗಳನ್ನಷ್ಟೇ ಎಣಿಸುತ್ತಾರೆ. ನೀವು ಬಾವಿ ಕೇಳಿ ನೋಡಿ, ಓಣಿಯ ಹುಡುಗರು ಮುಂದೆ ಓಡಿ ದಾರಿ ತೋರಿಸುತ್ತಾರೆ. ಹಾಗೆ ಓಣಿ ಹೊಕ್ಕರೆ ಮನೆಗಳ ಗೋಡೆಯಲ್ಲಿ ಸೇರಿಕೊಂಡ ಕೆತ್ತನೆಯ ಕಲ್ಲುಗಳೂ ಕಣ್ಣಿಗೆ ಬೀಳುತ್ತವೆ. ಜನ ಬಾಳುವ ಮನೆ ಅದು. ಬಾಗಿಲಲ್ಲಿ ನಿಂತು "ಅವ್ವಾರ, ಈ ಕಲ್ಲಿಂದೊಂದು ಫೋಟೋ ತಗೋಬಹುದೇನ್ರಿ?" ಎಂದು ಕೇಳದೆ ನಾನು ಫೋನು ಎತ್ತುವುದಿಲ್ಲ.

ಇಟಗಿಗೆ ಇದೇ ರಸ್ತೆಯಲ್ಲಿ ಮುಂದೆ ಹೋಗಿ ಬನ್ನಿಕೊಪ್ಪದ ಹತ್ತಿರ ಎಡಕ್ಕೆ ಹೊರಳಬೇಕು. ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಅಲ್ಲಿಯ ಶಾಸನವೇ ದೇವಾಲಯ ಚಕ್ರವರ್ತಿ ಎಂದು ಕರೆದಿದೆ. ಬಿರುದು ಸುಮ್ಮನೆ ಬಂದದ್ದಲ್ಲ ಎಂದು ಶಿಖರ ನೋಡಿದರೆ ಗೊತ್ತಾಗುತ್ತದೆ. ಹೊರಡುವ ಮುನ್ನ ಗುಡಿಯ ಪಕ್ಕದ ಪುಷ್ಕರಣಿಯ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಕುಕನೂರು ಅಲ್ಲಿಗೆ ಸಮೀಪ. ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳ ಗುಂಪು ಅದೇ ದಿನ ಮುಗಿಯುತ್ತದೆ.

ಸೂಡಿ ಬೇರೆ ದಿಕ್ಕು, ಗಜೇಂದ್ರಗಡದ ಕಡೆ. ಅದಕ್ಕೆ ಬೇರೆಯೇ ದಿನ ಇಡಿ. ಎರಡು ಶಿಖರಗಳ ಜೋಡುಕಳಸದ ಗುಡಿ ದೂರದಿಂದಲೇ ಗುರುತು ಸಿಗುತ್ತದೆ. ನನ್ನ ಮನಸ್ಸು ನಿಂತದ್ದು ನಾಗಕುಂಡದಲ್ಲಿ. ಗುಡಿಯ ಗೋಡೆಗೆ ಮಾಡುವ ಕೆತ್ತನೆಯನ್ನೇ ಬಾವಿಯ ಒಳಗೋಡೆಗೂ ಮಾಡಿದ್ದಾರೆ. ನೀರು ಏರಿದರೆ ಮುಳುಗಿಹೋಗುವ ಜಾಗಕ್ಕೂ ಅಷ್ಟೇ ಶ್ರದ್ಧೆ. ಇಡೀ ಸೀಮೆಯಲ್ಲಿ ನನಗೆ ತುಂಬ ಹಿಡಿಸಿದ ಒಂದು ಜಾಗ ಹೇಳಿ ಎಂದರೆ ಇದನ್ನೇ ಹೇಳುತ್ತೇನೆ. ಇಷ್ಟಾಗಿಯೂ ಇಂಥ ಎಷ್ಟೋ ಬಾವಿಗಳಿಗೆ ಪ್ಲಾಸ್ಟಿಕ್ ಬಾಟಲಿ, ಪೂಜೆಯ ಹೂವಿನ ಚೀಲ ಬಂದು ಬೀಳುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೊರಡುವವರಿಗೆ ಇನ್ನೆರಡು ಮಾತು. ಮಳೆಗಾಲದಲ್ಲಿ ಡಾಂಬರು ಬಿಟ್ಟು ಇಳಿಯಬೇಡಿ. ಹಸಿ ಎರಿ ಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ಎತ್ತು ಕಟ್ಟಿ ಎಳೆಸಬೇಕಾದೀತು. ಫೋನಿನ ನಕ್ಷೆ ಹತ್ತಿರದ ದಾರಿ ಎಂದು ಚಕ್ಕಡಿ ದಾರಿಗೂ ಹಚ್ಚುತ್ತದೆ, ಎದುರು ಬಂದವರನ್ನು ಕೇಳಿಯೇ ಮುಂದೆ ಹೋಗಿ. ಶಾಸನದ ಅಕ್ಷರ ಕಾಣಲೆಂದು ಹಿಟ್ಟು, ಸುಣ್ಣ ಬಳಿಯಬೇಡಿ, ಬ್ಯಾಟರಿಯ ಓರೆ ಬೆಳಕು ಸಾಕು. ಊಟಕ್ಕೆ ಯಾವ ಖಾನಾವಳಿಯಾದರೂ ಸರಿ: ಬಿಸಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಜನವರಿ ಹೊತ್ತಿಗೆ ಜೋಳದ ಹಾಲ್ದೆನೆ ಸುಟ್ಟು ಬಡಿದ ಸೀತನಿ ಯಾರಾದರೂ ಹೊಲದಲ್ಲಿ ಕರೆದು ಕೊಟ್ಟರೆ ಬೇಡ ಅನ್ನಬೇಡಿ.

ಚಳಿಗಾಲವೇ ಆಗಬೇಕು ಅನ್ನುವುದಕ್ಕೆ ಮಾಗಡಿ ಕೆರೆಯೂ ಕಾರಣ. ಶಿರಹಟ್ಟಿ ಕಡೆಯ ಈ ಕೆರೆಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಇದು ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಗದಗಿನಿಂದ ನಸುಕಿನಲ್ಲೇ ಹೊರಟರೆ, ಹೊಲಗಳಲ್ಲಿ ಮೇದ ಹಿಂಡುಗಳು ಕೆರೆಗೆ ಇಳಿಯುವುದನ್ನು ನೋಡಬಹುದು. ದುರ್ಬೀನು ಇರಲಿ, ಏರಿಯ ಮೇಲೆ ಗದ್ದಲ ಬೇಡ. ಬಿಸಿಲು ಏರಿದ ಮೇಲೆ ಲಕ್ಷ್ಮೇಶ್ವರಕ್ಕೆ ಹೋಗಿ, ಸೋಮೇಶ್ವರ ಗುಡಿಯ ಆವರಣದಲ್ಲೂ ಒಂದು ಹಳೆಯ ಬಾವಿ ಇದೆ.