ಮಕ್ಕಳಿಗೆ 1929ರ ಕುಸಿತ ಕಲಿಸುವುದು: ಕಾಗದದ ಡಾಲರ್‌ಗಳ ಪಾಠ

ಎರಡು ಮಹಾಯುದ್ಧಗಳ ನಡುವಿನ ಅಮೆರಿಕದ ಇತಿಹಾಸವನ್ನು 11ರಿಂದ 13 ವರ್ಷದ ಮಕ್ಕಳಿಗೆ ನಾನು ಇಸವಿಗಳಿಂದಲ್ಲ, ಸಾಲದಿಂದ ಶುರು ಮಾಡುತ್ತೇನೆ. "ಷೇರುಪೇಟೆ ಬಿತ್ತು, ಎಲ್ಲರೂ ಬಡವರಾದರು" ಎಂದು ಹೇಳಿ ಮುಗಿಸಿದರೆ ಮಕ್ಕಳಿಗೆ ತಪ್ಪು ತಿಳಿವಳಿಕೆ ಕೊಟ್ಟಂತೆ. ಆಗ ಹೆಚ್ಚಿನ ಅಮೆರಿಕನ್ನರ ಬಳಿ ಷೇರುಗಳೇ ಇರಲಿಲ್ಲ.

ಪ್ರತಿ ಮಗುವಿಗೆ ಕಾಗದದ 10 ಡಾಲರ್ ಕೊಡುತ್ತೇನೆ. ಷೇರಿನ ಬೆಲೆ 100. ಉಳಿದ 90 ದಲ್ಲಾಳಿಯ ಸಾಲ. 1920ರ ದಶಕದಲ್ಲಿ ಹಲವರು ಹೀಗೆ ಸಾಲ ಮಾಡಿ ಷೇರು ಕೊಳ್ಳುತ್ತಿದ್ದರು. ಬೆಲೆ 120ಕ್ಕೆ ಏರಿದಾಗ ಮಾರಿದರೆ ಸಾಲ ತೀರಿಸಿ ಕೈಯಲ್ಲಿ 30 ಉಳಿಯುತ್ತದೆ. ಮತ್ತೆ 10ರಿಂದಲೇ ಶುರುಮಾಡಿ ಬೆಲೆಯನ್ನು 90ಕ್ಕೆ ಇಳಿಸುತ್ತೇನೆ. ಹಾಕಿದ ದುಡ್ಡೆಲ್ಲ ಹೋಯಿತು. ಒಮ್ಮೆಗೇ 50ಕ್ಕೆ ಇಳಿಸಬಾರದು. ಆಗ ಅದು ಬರೀ ದುರದೃಷ್ಟದಂತೆ ಕಂಡು, ಸಾಲದ ಕೈವಾಡ ಮರೆಯಾಗುತ್ತದೆ.

ಆಮೇಲೆ 38 ಸೆಂ.ಮೀ. ಕಾಗದದ ಪಟ್ಟಿ, 10 ಅಂಕಕ್ಕೆ 1 ಸೆಂ.ಮೀ. ಲೆಕ್ಕ. ದೊಡ್ಡ ಕಂಪನಿಗಳ ಷೇರು ಬೆಲೆಯ ಏರಿಳಿತ ತೋರಿಸುವ ಡೌ ಜೋನ್ಸ್ ಸೂಚ್ಯಂಕ 1929ರ ಸೆಪ್ಟೆಂಬರ್ 3ರಂದು 381, 1932ರ ಜುಲೈ 8ರಂದು 41. ನಾಲ್ಕು ಸೆಂ.ಮೀ. ಬಿಟ್ಟು ಮಿಕ್ಕಿದ್ದನ್ನು ಮಕ್ಕಳೇ ಕತ್ತರಿಸುತ್ತಾರೆ. ಹಳೆಯ ಮಟ್ಟ ಮರಳಿದ್ದು 1954ರಲ್ಲಿ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬ್ಯಾಂಕಿನ ಆಟ. ಇದಕ್ಕೆ ಒಂದು ಇಡೀ ತರಗತಿ ಬೇಕು. ಹತ್ತು ಮಕ್ಕಳು ತಲಾ 10 ಡಾಲರ್ ಠೇವಣಿ ಇಡುತ್ತಾರೆ. ಬ್ಯಾಂಕಿನವರು 20 ನಗದು ಇಟ್ಟುಕೊಂಡು, ಇಬ್ಬರು ರೈತರಿಗೆ ಐದು ವರ್ಷದ ಪತ್ರ ಬರೆಸಿಕೊಂಡು ತಲಾ 40 ಸಾಲ ಕೊಡುತ್ತಾರೆ. ನಂತರ ಒಂದೇ ಒಂದು ಮಗುವಿನ ಕೈಗೆ ಚೀಟಿ: "ಬ್ಯಾಂಕಿನಲ್ಲಿ ದುಡ್ಡಿಲ್ಲವಂತೆ." ಇಡೀ ತರಗತಿಗೆ ಗಟ್ಟಿಯಾಗಿ ಹೇಳಿದರೆ ಆಟ ಕೆಡುತ್ತದೆ, ಸುದ್ದಿ ಕಿವಿಯಿಂದ ಕಿವಿಗೆ ಹೋಗಬೇಕು. ಸಾಲಿನಲ್ಲಿ ಮೂರನೆಯವರಿಗೇ ಹಣವಿಲ್ಲ. "ಬ್ಯಾಂಕಿನವನು ಕದ್ದ" ಎಂಬ ಕೂಗು ಬಂದೇ ಬರುತ್ತದೆ. ಆಗ ರೈತರ ಪತ್ರಗಳನ್ನು ಓದಿಸುತ್ತೇನೆ: ಹಣ ಹೊಲದಲ್ಲಿದೆ, ಟ್ರ್ಯಾಕ್ಟರಿನಲ್ಲಿದೆ. ಕೊನೆಯಲ್ಲಿ ನಿಂತವರನ್ನು "ಸುದ್ದಿಯನ್ನು ನಂಬಿದೆಯಾ?" ಎಂದು ಕೇಳುವುದನ್ನು ತಪ್ಪಿಸಬೇಡಿ. ನಂಬದವರೂ ಓಡಲೇಬೇಕಾಯಿತು ಎಂಬುದು ಆ ಉತ್ತರದಲ್ಲೇ ಹೊರಬರುತ್ತದೆ. 1930ರಿಂದ 1933ರವರೆಗೆ ಸಾವಿರಾರು ಬ್ಯಾಂಕುಗಳು ಮುಚ್ಚಿದವು.

ಇದಾದ ಮೇಲೆಯೇ ಅಧ್ಯಕ್ಷ ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್. 1933ರ ಮಾರ್ಚ್ 6ರಿಂದ ದೇಶದ ಬ್ಯಾಂಕುಗಳಿಗೆಲ್ಲ ಬೀಗ, 12ರ ರಾತ್ರಿ ರೇಡಿಯೊ ಭಾಷಣ, 13ರಿಂದ ಹಂತಹಂತವಾಗಿ ಮರುತೆರೆ. 1934ರ ಜನವರಿಯಿಂದ 2,500 ಡಾಲರ್‌ವರೆಗಿನ ಠೇವಣಿಗೆ ವಿಮೆ. ವಿಮೆಯ ಚೀಟಿ ಹಂಚಿ ಅದೇ ಆಟವನ್ನು ಮತ್ತೆ ಆಡಿಸಿದರೆ, ಸುದ್ದಿ ಹಬ್ಬಿದರೂ ಯಾರೂ ಏಳುವುದಿಲ್ಲ.

1930ರ ದಶಕದ ಬರಗಾಲದಲ್ಲಿ ಎದ್ದ ಓಕ್ಲಹೋಮ ಕಡೆಯ ಧೂಳು ಬಿರುಗಾಳಿಗಳನ್ನು ಬೇರೆ ದಿನಕ್ಕಿಡಿ. ಒಟ್ಟಿಗೆ ಹೇಳಿದರೆ ಬರದಿಂದಲೇ ಬ್ಯಾಂಕ್ ಬಿದ್ದಿತೆಂದು ಮಕ್ಕಳು ಬರೆಯುತ್ತಾರೆ. 1935ರ ಸಾಮಾಜಿಕ ಭದ್ರತಾ ಕಾಯಿದೆಯ ಪಿಂಚಣಿ ಚೀಟಿ ಹಂಚುವಾಗ ಹೊಲದ ಕೂಲಿ, ಮನೆಗೆಲಸದ ಪಾತ್ರದವರನ್ನು ಬಿಟ್ಟು ಮುಂದೆ ಹೋಗುತ್ತೇನೆ. ಕಾಯಿದೆಯೂ ಅವರನ್ನು ಹೊರಗಿಟ್ಟಿತ್ತು, ದಕ್ಷಿಣದ ಕಪ್ಪು ಜನರಲ್ಲಿ ಬಹಳಷ್ಟು ಮಂದಿ ಆ ಕೆಲಸಗಳಲ್ಲೇ ಇದ್ದರು. "ನಮಗೇಕಿಲ್ಲ?" ಎಂದು ಅವರು ಕೇಳಿದಾಗ ಆ ಪಾಠ ಶುರುವಾಗುತ್ತದೆ.