ಗೀಜಾಕ್ಕಿಂತ ಮೊದಲು ಸಕ್ಕಾರಾ

ಕನ್ನಡಿಗರ ಗುಂಪುಗಳನ್ನು ಈಜಿಪ್ಟಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಚಳಿಗಾಲದಲ್ಲಿ ಮಾತ್ರ. ಹೆಚ್ಚಿನವರು ನಿವೃತ್ತರು: ಮೇಷ್ಟ್ರು, ಬ್ಯಾಂಕಿನವರು, ಪಿಡಬ್ಲ್ಯುಡಿ ಎಂಜಿನಿಯರುಗಳು, ಮಕ್ಕಳು ಟಿಕೆಟ್ ಕೊಡಿಸಿ ಕಳಿಸಿದ ದಂಪತಿಗಳು. ಕೈರೋದಲ್ಲಿ ಇಳಿದ ಮರುದಿನ ಬೆಳಿಗ್ಗೆ ಬಸ್ಸು ದೊಡ್ಡ ಪಿರಮಿಡ್ ಇರುವ ಗೀಜಾಕ್ಕೆ ಹೋಗುವುದಿಲ್ಲ ಎಂದ ಕೂಡಲೇ ಮುಖ ಮುಖ ನೋಡಿಕೊಳ್ಳುತ್ತಾರೆ. ಅಷ್ಟು ದೂರದಿಂದ ಬಂದಿದ್ದೇ ಅದಕ್ಕಲ್ಲವೇ?

ಸಾಮಾನ್ಯ ಪ್ಯಾಕೇಜುಗಳಲ್ಲಿ ಮೊದಲ ದಿನವೇ ಗೀಜಾ. ಒಂಟೆ ಫೋಟೊ, ಸ್ಫಿಂಕ್ಸ್ ಮುಂದೆ ಫೋಟೊ, ಆಮೇಲೆ ಅತ್ತರಿನ ಅಂಗಡಿ. ಅದಕ್ಕೂ ಹಳೆಯ ಪಿರಮಿಡ್ ಇರುವ ಸಕ್ಕಾರಾಕ್ಕೆ ಸಮಯ ಉಳಿದರೆ ಮಧ್ಯಾಹ್ನ ಒಂದು ಗಂಟೆ ಹೊತ್ತು. ದೊಡ್ಡದನ್ನು ನೋಡಿದ ಕಣ್ಣಿಗೆ ಸಕ್ಕಾರಾ ಕುಸಿದ ಗುಡ್ಡೆಯಂತೆ ಕಾಣುತ್ತದೆ, ಜನ ಬಸ್ಸಿನಿಂದ ಇಳಿಯುವುದಕ್ಕೂ ಬೇಜಾರು ಪಡುತ್ತಾರೆ. ಪಿರಮಿಡ್‌ಗಳನ್ನು ಕಟ್ಟಿದ ಕ್ರಮದಲ್ಲೇ ನಾನು ತೋರಿಸುತ್ತೇನೆ. ಸಕ್ಕಾರಾ, ದಹಶೂರ್, ಆಮೇಲೆ ಗೀಜಾ.

ಸಕ್ಕಾರಾದ್ದು ಜೋಸರ್ ದೊರೆಯ ಮೆಟ್ಟಿಲು ಪಿರಮಿಡ್, ಸುಮಾರು ಕ್ರಿ.ಪೂ. 2650ರದು. ಅದಕ್ಕೆ ಮೊದಲು ದೊರೆಗಳ ಗೋರಿ ಎಂದರೆ ಹಸಿ ಇಟ್ಟಿಗೆಯ ಚಪ್ಪಟೆ ಜಗಲಿ. ಅಲ್ಲಿನವರು ಅದನ್ನು ಮಸ್ತಬಾ ಎನ್ನುತ್ತಾರೆ. ಇಮ್ಹೋಟೆಪ್ ಎಂಬ ಅಧಿಕಾರಿಯ ಕಾಲಕ್ಕೆ ಕಲ್ಲಿನ ಜಗಲಿಯ ಮೇಲೆ ಇನ್ನೊಂದು ಜಗಲಿ ಏರುತ್ತಾ ಆರು ಮೆಟ್ಟಿಲಾಯಿತು, ಅರವತ್ತು ಮೀಟರಿನಷ್ಟು ಎತ್ತರ. ಆದರೆ ನಾನು ಗುಂಪನ್ನು ನಿಲ್ಲಿಸುವುದು ಪಿರಮಿಡ್ಡಿನ ಮುಂದಲ್ಲ, ಆವರಣದ ಬಾಗಿಲಿನ ಒಳಗಿನ ಕಂಬಸಾಲಿನಲ್ಲಿ. ಕಂಬಗಳನ್ನು ಜೊಂಡಿನ ಕಂತೆ ಕಟ್ಟಿ ನಿಲ್ಲಿಸಿದ ಹಾಗೆ ಕೆತ್ತಿದ್ದಾರೆ. ಚಾವಣಿಯ ಕಲ್ಲನ್ನು ತಾಳೆಮರದ ದಿಮ್ಮಿಗಳ ಹಾಗೆ ದುಂಡಗೆ ಮಾಡಿದ್ದಾರೆ. ಬಾಗಿಲಿನ ಕದವೂ ಕಲ್ಲಿನದೇ, ತೆರೆದಿಟ್ಟ ಹಾಗೆ ಕೆತ್ತಿದ್ದು, ಮುಚ್ಚುವ ಮಾತೇ ಇಲ್ಲ. ಇನ್ನೂ ಹತ್ತಿರ ಹೋದರೆ ಒಂದು ಕಂಬವೂ ತಾನಾಗಿ ನಿಂತಿಲ್ಲ, ಪ್ರತಿಯೊಂದನ್ನೂ ಹಿಂದಿನಿಂದ ಒಂದು ಮೋಟು ಗೋಡೆ ಹಿಡಿದುಕೊಂಡಿದೆ. ಒಮ್ಮೆ ನಿವೃತ್ತ ಎಂಜಿನಿಯರ್ ಒಬ್ಬರು ಬಹಳ ಹೊತ್ತು ನೋಡಿ, "ಇವರಿಗೆ ಇನ್ನೂ ಕಲ್ಲಿನ ಮೇಲೆ ಧೈರ್ಯ ಬಂದಿಲ್ಲ ಕಣ್ರೀ" ಎಂದರು. ಗೈಡು ಹತ್ತು ನಿಮಿಷ ಹೇಳಿದ್ದೂ ಅದನ್ನೇ.

ಅಲ್ಲೇ ಮರಳಿನಲ್ಲಿ ಸ್ವಲ್ಪ ದೂರಕ್ಕೆ 'ತಿ' ಎಂಬ ಅಧಿಕಾರಿಯ ಮಸ್ತಬಾ ಇದೆ. ತೆರೆದಿದ್ದರೆ ನಾನು ಬಿಡುವುದಿಲ್ಲ. ಗೋಡೆ ತುಂಬ ದಿನನಿತ್ಯದ ಕೆಲಸ: ದೋಣಿ ಕಟ್ಟುವವರು, ಕೊಯ್ಲಿನವರು, ಜೊಂಡಿನ ನಡುವೆ ನೀರಾನೆ ಬೇಟೆ. ಒಂದು ಕಡೆ ದನಗಳು ಕಾಲುವೆ ದಾಟುತ್ತಿವೆ. ಮುಂದಿನ ಗೊಲ್ಲ ಎಳೆಗರುವನ್ನು ಬೆನ್ನ ಮೇಲೆ ಹೊತ್ತಿದ್ದಾನೆ. ಕರು ಕತ್ತು ಹಿಂದಕ್ಕೆ ತಿರುಗಿಸಿ ತಾಯಿಯ ಕಡೆ ನೋಡುತ್ತಿದೆ. ದನಗಳ ಕಾಲಿನ ಮೇಲೆ ನೀರಿನ ಗೆರೆಗಳನ್ನು ಕೆತ್ತಿದ್ದಾರೆ, ಕಾಲು ಆ ಗೆರೆಯೊಳಗೂ ಕಾಣುತ್ತದೆ. ಹೊರಡುವ ಮೊದಲು "ಕರು ಎಲ್ಲಿದೆ ಹುಡುಕಿ" ಎಂದಷ್ಟೇ ಹೇಳಿರುತ್ತೇನೆ. ಕೊಟ್ಟಿಗೆ ನೋಡಿ ಬೆಳೆದವರಿಗೆ ಮೊದಲು ಸಿಗುತ್ತದೆ.

ದಹಶೂರಿನಲ್ಲಿ ಸ್ನೆಫೆರು ದೊರೆಯ ಎರಡು ಪಿರಮಿಡ್‌ಗಳು. ಮೊದಲನೆಯದನ್ನು ಸುಮಾರು 54 ಡಿಗ್ರಿ ಓರೆಯಲ್ಲಿ ಶುರು ಮಾಡಿ, ನಡುವೆ 43 ಡಿಗ್ರಿಗೆ ತಗ್ಗಿಸಿದ್ದಾರೆ. ಹಾಗಾಗಿ ಅದರ ಸೊಂಟ ಬಾಗಿದೆ. ಎರಡನೆಯದು, ಕೆಂಪು ಪಿರಮಿಡ್, ಬುಡದಿಂದಲೇ ಆ 43 ಡಿಗ್ರಿಯ ಆಸುಪಾಸು. ಸ್ನೆಫೆರುವಿನ ಮಗ ಖುಫು. ಅವನದು ಮರುದಿನ ನೋಡುವ ಗೀಜಾದ ದೊಡ್ಡ ಪಿರಮಿಡ್, ಕಟ್ಟಿದಾಗ 146 ಮೀಟರು ಎತ್ತರ ಇದ್ದದ್ದು. "ಏಲಿಯನ್ನುಗಳು ಕಟ್ಟಿದ್ದಂತೆ ಹೌದಾ?" ಎಂಬ ವಾಟ್ಸಾಪ್ ಪ್ರಶ್ನೆ ಹಿಂದೆಲ್ಲ ಗೀಜಾದಲ್ಲಿ ತಪ್ಪದೆ ಬರುತ್ತಿತ್ತು. ದಹಶೂರಿನ ಸೊಂಟ ನೋಡಿ ಬಂದವರು ಕೇಳುವುದಿಲ್ಲ. ಆಕಾಶದಿಂದ ಬಂದವರು ಅರ್ಧಕ್ಕೆ ಕೋನ ಬದಲಾಯಿಸುತ್ತಾರೆಯೇ?

ಖುಫುವಿನ ಪಿರಮಿಡ್ಡಿನ ಒಳಗೆ ಹೋಗಲು ಟಿಕೆಟ್ ಬೇರೆ. ಮಂಡಿ ನೋವಿದ್ದವರಿಗೆ, ಉಸಿರು ಕಟ್ಟುವವರಿಗೆ ಬೇಡ ಎಂದು ಕಡ್ಡಿ ಮುರಿದಂತೆ ಹೇಳುತ್ತೇನೆ. ಸೊಂಟ ಬಗ್ಗಿಸಿಕೊಂಡೇ ಹತ್ತಬೇಕಾದ ದಾರಿ, ಆಮೇಲೆ ಎಂಟೂವರೆ ಮೀಟರು ಎತ್ತರದ ಮೊಗಸಾಲೆ, ಕೊನೆಗೆ ಅಸ್ವಾನಿನಿಂದ ತಂದ ಗ್ರಾನೈಟಿನ ಖಾಲಿ ಕೋಣೆ, ಮುಚ್ಚಳವಿಲ್ಲದ ಕಲ್ಲಿನ ಪೆಟ್ಟಿಗೆ. ಚಿತ್ರವಿಲ್ಲ, ಬರಹವಿಲ್ಲ. ಕಲ್ಲಿನ ಜೋಡಣೆ ನೋಡಿ ಖುಷಿಪಡುವವರು ಹೋಗಲಿ. ಉಳಿದವರು ಹೊರಗೆ ಆರಾಮಾಗಿ ಸುತ್ತು ಹಾಕಲಿ.

ಈಜಿಪ್ಟಿನಲ್ಲಿ ಸ್ಮಾರಕಗಳ ಬಳಿ ವಿವರಣೆ ಕೊಡಲು ಅಲ್ಲಿನ ಲೈಸೆನ್ಸ್ ಇರುವ ಗೈಡೇ ಆಗಬೇಕು. ಒಳ್ಳೆಯದೇ. ಗೈಡು ಇಂಗ್ಲಿಷಿನಲ್ಲಿ ಹೇಳುತ್ತಾರೆ. ನಾನು ಹಿಂದಿನ ರಾತ್ರಿ ಹೋಟೆಲಿನ ಲಾಬಿಯಲ್ಲಿ ಕಾಗದದ ಮೇಲೆ ನಕ್ಷೆ ಬರೆದು ಕನ್ನಡದಲ್ಲಿ ಕಥೆ ಹೇಳಿ ಮುಗಿಸಿರುತ್ತೇನೆ. ಸ್ಥಳದಲ್ಲಿ ನನ್ನ ಮಾತು ಕಡಿಮೆ. ಗೋರಿಗಳ ಒಳಗೆ ಗೈಡುಗಳು ನಿಂತು ಭಾಷಣ ಮಾಡುವ ಹಾಗಿಲ್ಲ, ಹಾಗಾಗಿ ಒಳಗೆ ಏನು ನೋಡಬೇಕೆಂಬುದು ಹೊರಗೇ ತಲೆಗೆ ಹೋಗಿರಬೇಕು. ರಾಜರ ಹೆಸರುಗಳನ್ನು ಒಂದರ ಹಿಂದೆ ಒಂದು ಒದರಿದರೆ ಮೂರನೇ ರಾಮ್ಸೆಸ್ ಹೊತ್ತಿಗೆ ಗುಂಪು ನಿದ್ದೆ ಹೋಗುತ್ತದೆ. ಒಂದೊಂದು ಜಾಗಕ್ಕೆ ಎರಡು ಮೂರು ಗುರುತು ಕೊಟ್ಟರೆ ಸಾಕು.

ಊಟದ ವಿಷಯ. ಕರೆ ಮಾಡಿದವರೆಲ್ಲ ಮೊದಲು ಕೇಳುವುದು ಇದನ್ನೇ. "ವೆಜಿಟೇರಿಯನ್" ಎಂದರೆ ಕೋಳಿ ಸಾರು ಹಾಕಿದ ಸೊಪ್ಪಿನ ಮುಲುಕಿಯಾ ಬರುವುದುಂಟು. ತುಂಡು ಇಲ್ಲವಲ್ಲ ಎಂಬುದು ಅವರ ಲೆಕ್ಕ. ನಾನು ಬಳಸುವುದು "ಸಿಯಾಮಿ" ಎಂಬ ಮಾತನ್ನು. ಅಲ್ಲಿನ ಕಾಪ್ಟಿಕ್ ಕ್ರೈಸ್ತರು ವರ್ಷದಲ್ಲಿ ಬಹಳಷ್ಟು ದಿನ ಉಪವಾಸ ಹಿಡಿಯುತ್ತಾರೆ. ಆಗಿನ ಅಡುಗೆಗೆ ಮಾಂಸ, ಹಾಲು, ಮೊಟ್ಟೆ ಸೋಕುವುದಿಲ್ಲ. ಹಾಗಾಗಿ ಅಡುಗೆಯವರಿಗೆ ಆ ಪದ್ಧತಿ ಗೊತ್ತು. ಬೆಳಿಗ್ಗೆ ಫಾವಾ ಬೀನ್ಸ್ ಎಂಬ ದಪ್ಪ ಕಾಳು ಬೇಯಿಸಿದ ಫೂಲ್, ಅದೇ ಕಾಳಿನ ವಡೆ ತಾಮಿಯಾ, ಬಿಸಿ ರೊಟ್ಟಿ. ಮಧ್ಯಾಹ್ನ ಅನ್ನ, ಬೇಳೆ, ಮ್ಯಾಕರೋನಿ, ಕಡಲೆ, ಹುರಿದ ಈರುಳ್ಳಿ, ಟೊಮೆಟೊ ಸಾರು ಎಲ್ಲ ಒಟ್ಟಿಗೆ ಸೇರಿಸಿದ ಕೊಶರಿ. ಕೇಳಿದಾಗ ಮುಖ ಸಿಂಡರಿಸಿದವರೇ ಎರಡನೇ ತಟ್ಟೆ ಹಾಕಿಸಿಕೊಳ್ಳುತ್ತಾರೆ, ಬ್ಯಾಗಿನಿಂದ ಚಟ್ನಿಪುಡಿ ತೆಗೆದು ಮೇಲೆ ಉದುರಿಸಿಕೊಂಡು.

ಕೈರೋ ಮುಗಿಸಿ ಹೋಗುವ ಲಕ್ಸರ್‌ನ ಕಾರ್ನಾಕ್ ದೇವಾಲಯದಲ್ಲಿ ಎಲ್ಲರೂ 134 ಕಂಬಗಳ ಸಭಾಮಂಟಪಕ್ಕೆ ಓಡುತ್ತಾರೆ. ನಾನು ಮೊದಲ ಗೋಪುರ ದಾಟಿದ ಕೂಡಲೇ ಬಲಕ್ಕೆ ತಿರುಗಿಸುತ್ತೇನೆ. ಗೋಪುರದ ಬೆನ್ನಿಗೆ ಹಸಿ ಇಟ್ಟಿಗೆಯ ಇಳಿಜಾರಿನ ಅವಶೇಷ ಅಂಟಿಕೊಂಡಿದೆ. ಕಲ್ಲು ಎಳೆದು ಮೇಲೇರಿಸಲು ಹಾಕಿದ ದಿಬ್ಬ. ಕೆಲಸ ಅರ್ಧಕ್ಕೆ ನಿಂತಿದ್ದರಿಂದ ತೆಗೆಯದೆ ಬಿಟ್ಟಿದ್ದಾರೆ. ಇದನ್ನು ನೋಡಿ ಒಳಗೆ ಹೋದವರ ಕಣ್ಣಿಗೆ ಇಪ್ಪತ್ತೊಂದು ಮೀಟರಿನ ನಡುಗಂಬಗಳು ಬೇರೆಯೇ ಆಗಿ ಕಾಣುತ್ತವೆ. ಕತ್ತೆತ್ತಿ ನೋಡಿ, ತೊಲೆಗಳ ಅಡಿಭಾಗದಲ್ಲಿ ಮಳೆ ಬಿಸಿಲು ತಾಗದ ಕಡೆ ಹಳೆಯ ಬಣ್ಣ ಇನ್ನೂ ಇದೆ.

ದೇವಾಲಯದ ವಿನ್ಯಾಸವನ್ನು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಹೆಬ್ಬಾಗಿಲು, ಬಯಲು ಪ್ರಾಂಗಣ, ಕಂಬದ ಮಂಟಪ. ಒಳಗೆ ಹೋದಷ್ಟೂ ಬೆಳಕು ಕಡಿಮೆ, ನೆಲ ಏರುತ್ತದೆ, ಸೂರು ತಗ್ಗುತ್ತದೆ, ಕೊನೆಗೆ ಕತ್ತಲೆಯ ಗರ್ಭಗುಡಿ. ಪಕ್ಕದಲ್ಲಿ ಕೊಳ. ದಿನಾ ದೇವರನ್ನು ಎಬ್ಬಿಸಿ, ತೊಳೆದು, ಬಟ್ಟೆ ಉಡಿಸಿ, ನೈವೇದ್ಯ ಇಡುವ ಪೂಜಾರಿಗಳು. ಓಪೆಟ್ ಹಬ್ಬಕ್ಕೆ ಅಮುನ್ ದೇವರನ್ನು ದೋಣಿಯಾಕಾರದ ಪಲ್ಲಕ್ಕಿಯಲ್ಲಿ ಹೊತ್ತು ಲಕ್ಸರ್ ಗುಡಿಗೆ ಒಯ್ಯುತ್ತಿದ್ದರು. "ಎಲ್ಲ ನಮ್ಮದೇ ಅಲ್ವಾ, ನಮ್ಮಿಂದಲೇ ಹೋಗಿರಬೇಕು" ಎಂದು ಇಲ್ಲೊಬ್ಬರು ಅಂದೇ ಅನ್ನುತ್ತಾರೆ. ಇಲ್ಲಿ ಮಾತ್ರ ನಾನು ನಡುವೆ ಬಾಯಿ ಹಾಕುತ್ತೇನೆ. ಕಾರ್ನಾಕಿನ ಮಂಟಪ ಎದ್ದದ್ದು ಕ್ರಿ.ಪೂ. 13ನೇ ಶತಮಾನದಲ್ಲಿ, ನಮ್ಮಲ್ಲಿ ಇಂದು ನಿಂತಿರುವ ಯಾವ ಕಲ್ಲಿನ ಗುಡಿಯೂ ಆ ಕಾಲದ ಹತ್ತಿರಕ್ಕೂ ಬರುವುದಿಲ್ಲ. ಅಲ್ಲಿ ಸಾಮಾನ್ಯ ಜನಕ್ಕೆ ಒಳಗೆ ದರ್ಶನವೂ ಇರಲಿಲ್ಲ. ಹೋಲಿಕೆ ನೋಡಿ ಸಂತೋಷಪಡೋಣ, ಪಟ್ಟಾ ಮಾಡಿಸಿಕೊಳ್ಳುವುದು ಬೇಡ.

ಲಕ್ಸರ್ ಗುಡಿಯಲ್ಲಿ ಒಂದು ಬಾಗಿಲು ತೋರಿಸುತ್ತೇನೆ. ಅಬುಲ್ ಹಗ್ಗಾಗ್ ಎಂಬ ಸಂತರ ಮಸೀದಿಯ ಹಳೆಯ ಬಾಗಿಲು, ನಾವು ನಿಂತ ನೆಲದಿಂದ ಎಷ್ಟೋ ಮೇಲೆ ಗಾಳಿಯಲ್ಲಿ ತೂಗುತ್ತದೆ. ಮಸೀದಿ ಕಟ್ಟಿದಾಗ ಗುಡಿ ಅಷ್ಟು ಎತ್ತರಕ್ಕೆ ಮಣ್ಣಿನಲ್ಲಿ ಹೂತಿತ್ತು, ಮೇಲೆ ಊರು ಬೆಳೆದಿತ್ತು. ಮಣ್ಣು ತೆಗೆದ ಮೇಲೆ ಬಾಗಿಲು ಮೇಲೇ ಉಳಿಯಿತು. ಆ ಸಂತರ ಉತ್ಸವದಲ್ಲಿ ಇಂದಿಗೂ ದೋಣಿಗಳ ಮೆರವಣಿಗೆ ಹೊರಡುತ್ತದೆ.

ರಾಜರ ಕಣಿವೆಯ ಸಾಮಾನ್ಯ ಟಿಕೆಟಿನಲ್ಲಿ ಮೂರು ಗೋರಿ ನೋಡಬಹುದು. ಟುಟಂಖಾಮನ್‌ದಕ್ಕೆ ಪ್ರತ್ಯೇಕ ದುಡ್ಡು. ಅದು ಚಿಕ್ಕದು, ಸಾಮಾನೆಲ್ಲ ಕೈರೋಗೆ ಹೋಗಿದೆ. ಕಲ್ಲಿನ ಶವಪೆಟ್ಟಿಗೆ, ಮಮ್ಮಿ ಮಾತ್ರ ಅಲ್ಲೇ ಇವೆ, ಮಮ್ಮಿ ಗಾಜಿನೊಳಗೆ. ಅದೇ ದುಡ್ಡಿಗೆ ಐದು ಮತ್ತು ಆರನೇ ರಾಮ್ಸೆಸ್‌ರ ಗೋರಿಗೆ ಹೋಗಿ ಎನ್ನುತ್ತೇನೆ. ಚಾವಣಿಯಲ್ಲಿ ಆಕಾಶದೇವತೆ ನುಟ್ ಉದ್ದಕ್ಕೆ ಚಾಚಿಕೊಂಡಿದ್ದಾಳೆ. ಸಂಜೆ ಸೂರ್ಯನನ್ನು ನುಂಗುತ್ತಾಳೆ, ಕೆಂಪು ಬಿಲ್ಲೆ ಮೈಯೊಳಗೆ ಸಾಗಿ ಬೆಳಿಗ್ಗೆ ಮತ್ತೆ ಹುಟ್ಟುತ್ತದೆ. ಇದೇ ಗೋರಿ ತೋಡಿದವರ ಗುಡಿಸಲು, ಕಲ್ಲುಪುಡಿ ಕೆಳಗಿನ ಟುಟಂಖಾಮನ್ ಬಾಗಿಲನ್ನು ಮುಚ್ಚಿದ್ದರಿಂದಲೇ ಅದು 1922ರ ನವೆಂಬರಿನಲ್ಲಿ ಪುರಾತತ್ವಜ್ಞ ಹೊವಾರ್ಡ್ ಕಾರ್ಟರ್‌ಗೆ ಸಿಗುವವರೆಗೆ ಬಹುಮಟ್ಟಿಗೆ ಹಾಗೇ ಇತ್ತು. ಕಾವಲುಗಾರರು ಟಾರ್ಚ್ ಹಿಡಿದು ಮೂಲೆಗೆ ಕರೆಯುತ್ತಾರೆ. ಹಿಂದೆ ಹೋದರೆ ಬಕ್ಷೀಸು ಕೊಟ್ಟೇ ಬರಬೇಕು.

ಲಕ್ಸರಿನಿಂದ ಅಸ್ವಾನಿಗೆ ಹಡಗು. ಎಸ್ನಾದಲ್ಲಿ ಹಡಗುಗಳನ್ನು ಏರಿಸಿ ಇಳಿಸುವ ಲಾಕ್‌ಗೇಟ್ ಬಳಿ ವ್ಯಾಪಾರಿಗಳು ಸಣ್ಣ ದೋಣಿಯಿಂದ ನಿಲುವಂಗಿ, ಮೇಜಿನ ಬಟ್ಟೆಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಡೆಕ್ಕಿಗೆ ಎಸೆಯುತ್ತಾರೆ; ನಮ್ಮ ಹೆಂಗಸರು ಮೇಲಿನಿಂದ ಕನ್ನಡದಲ್ಲೇ ಚೌಕಾಶಿ ಮಾಡಿ, ಬೇಡದ್ದನ್ನು ವಾಪಸ್ ಎಸೆಯುತ್ತಾರೆ. ದಾರಿಯ ಎಡ್ಫು, ಕೊಂ ಒಂಬೊ ಗುಡಿಗಳೆರಡೂ ಗ್ರೀಕ್ ದೊರೆಗಳ ಕಾಲದವು. ಎಡ್ಫುವಿನಲ್ಲಿ ಕುದುರೆಗಾಡಿ ಬೇಡ ಎಂದು ಮೊದಲೇ ಹೇಳಿ ವ್ಯಾನ್ ಹಿಡಿಸುತ್ತೇನೆ. ಆ ಕುದುರೆಗಳ ಸ್ಥಿತಿ ನೋಡಲಾಗದು.

ಹಡಗಿನ ಸಂಜೆಗಳಲ್ಲಿ "ಈಜಿಪ್ಟಿನಲ್ಲಿ ಕನ್ನಡ ಸಿಕ್ಕಿದೆಯಂತಲ್ಲ, ತೋರಿಸಿ" ಎಂಬ ಬೇಡಿಕೆ ಬರುತ್ತದೆ. ಕೈರೋದ ದಕ್ಷಿಣಕ್ಕಿರುವ ಆಕ್ಸಿರಿಂಕಸ್‌ನ ಕಸದ ದಿಬ್ಬಗಳಲ್ಲಿ ಸಿಕ್ಕ ಒಂದು ಗ್ರೀಕ್ ಪ್ರಹಸನದ ಹಾಳೆ ಅದು. ಭಾರತದ ಕರಾವಳಿಯಲ್ಲಿ ಸೆರೆಯಾದ ಗ್ರೀಕ್ ಹುಡುಗಿಯನ್ನು ಅಣ್ಣ ಬಿಡಿಸಿಕೊಂಡು ಹೋಗುವ ಕಥೆ. 1903ರಲ್ಲಿ ಪ್ರಕಟವಾಯಿತು. ಅದರಲ್ಲಿ ರಾಜನ ಕಡೆಯವರ ಬಾಯಲ್ಲಿ ಬರುವ ಮಾತು ಕನ್ನಡವಿರಬಹುದು ಎಂದು 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್ ಸೂಚಿಸಿದರು. ಶಾಮಶಾಸ್ತ್ರಿಗಳು, ಗೋವಿಂದ ಪೈ ಮುಂದುವರಿಸಿದರು. ಒಪ್ಪದವರೂ ಇದ್ದಾರೆ. ಹಾಳೆಯಂತೂ ಆಕ್ಸ್‌ಫರ್ಡಿನಲ್ಲಿದೆ. ಅನುಮಾನವೇ ಬೇಡದ ನಂಟು ಬೇಕೆಂದರೆ ಕೆಂಪು ಸಮುದ್ರದ ಬೆರೆನಿಕೆ ಬಂದರಿನ ಗುಡಿಯಲ್ಲಿ ಭಾರತದ ಹರವಿಯೊಂದರಲ್ಲಿ ಏಳೂವರೆ ಕಿಲೊ ಕರಿಮೆಣಸು ಸಿಕ್ಕಿದೆ, ಒಂದನೇ ಶತಮಾನದ್ದು.

ಅಬು ಸಿಂಬೆಲ್ ಗುಡಿ ಅಸ್ವಾನಿನಿಂದ ಮರಳುಗಾಡಿನಲ್ಲಿ ಸುಮಾರು 280 ಕಿಲೊಮೀಟರು. ನಸುಕಿನಲ್ಲೇ ಬಸ್ಸು, ತಿಂಡಿ ಡಬ್ಬದಲ್ಲಿ. ಫೆಬ್ರವರಿ 22, ಅಕ್ಟೋಬರ್ 22ರಂದು ಸೂರ್ಯಕಿರಣ ಗರ್ಭಗುಡಿ ಮುಟ್ಟುತ್ತದೆ; ಆ ದಿನಗಳ ನೂಕುನುಗ್ಗಲಿಗೆ ವಯಸ್ಸಾದವರನ್ನು ನಾನು ಒಡ್ಡುವುದಿಲ್ಲ. ಅಸ್ವಾನ್ ಅಣೆಕಟ್ಟಿನ ನೀರಿಗೆ ಮುಳುಗದಂತೆ 1964ರಿಂದ 1968ರವರೆಗೆ ಇಡೀ ಗುಡಿಯನ್ನು ಕಲ್ಲು ಕಲ್ಲಾಗಿ ಕೊಯ್ದು 65 ಮೀಟರು ಮೇಲೆ ಜೋಡಿಸಿದರು. ಹಿಂದಿನ ಗುಡ್ಡವೂ ಕೃತಕ. ಅದಕ್ಕೆ ಸ್ವಲ್ಪ ಮೊದಲು ನಮ್ಮ ಪುರಾತತ್ವ ಇಲಾಖೆಯ ತಂಡವೂ ನೂಬಿಯಾದಲ್ಲಿ, ಅಂದರೆ ಈ ನೀರಿಗೆ ಮುಳುಗಿದ ಅಸ್ವಾನಿನ ದಕ್ಷಿಣದ ಸೀಮೆಯಲ್ಲಿ, ಉತ್ಖನನ ಮಾಡಿತ್ತು.

ಒಂದು ಸಲ ಗೈಡು ನೂಬಿಯನ್. ಗುಡಿ ಎತ್ತಿದ ಕಥೆ ಮುಗಿಸಿದಾಗ ಬಾಗಲಕೋಟೆಯ ಅಕ್ಕೋರೊಬ್ಬರು ನನ್ನ ತೋಳು ಜಗ್ಗಿ, "ಗುಡಿ ಎತ್ತಿ ಇಟ್ಟಾರ, ಖರೆ. ಮಂದಿ ಎಲ್ಲಿ ಹೋದ್ರು ಕೇಳ್ರಿ ಅವರನ್ನ" ಎಂದರು. ಕೇಳಿದೆ. ಸುಮಾರು ಐವತ್ತು ಸಾವಿರ ನೂಬಿಯನ್ನರನ್ನು 1963-64ರಲ್ಲಿ ಕೊಂ ಒಂಬೊ ಕಡೆಗೆ ಸಾಗಿಸಿದರು, ನದಿ ಕಾಣದ ಕಡೆ ಮನೆ ಕೊಟ್ಟರು, ನಮ್ಮ ಮನೆಯವರೂ ಅದರಲ್ಲಿದ್ದರು ಎಂದ ಗೈಡು. ಅಕ್ಕೋರು ತಲೆ ಆಡಿಸಿ, "ನಮ್ಮನೂ ಹಿನ್ನೀರಿಗೆ ಎಬ್ಬಿಸಿ ನವನಗರಕ್ಕ ಹಾಕಿದ್ರು ಅಂತ ಹೇಳ್ರಿ" ಎಂದರು. ಹೇಳಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಅವರಿಬ್ಬರದೇ ಮಾತು, ನಡುವೆ ನಾನು. ಪರಿಹಾರ ಎಷ್ಟು ಕೊಟ್ಟರು ಎಂಬುದರಿಂದ ಶುರುವಾಗಿ ದೇವರ ಕಾರ್ಯಕ್ಕೆ ಈಗ ಎಲ್ಲಿ ಸೇರುತ್ತಾರೆ ಎಂಬಲ್ಲಿಗೆ ಹೋಯಿತು. ನನ್ನ ಅಂದಿನ ನಿದ್ದೆ ಹೋಯಿತು, ಆದರೆ ಆಮೇಲಿನ ಗುಂಪುಗಳಿಗೆ ಸಾಧ್ಯವಾದಾಗಲೆಲ್ಲ ನೂಬಿಯನ್ ಗೈಡನ್ನೇ ಕೇಳಿ ಹಾಕಿಸಿಕೊಳ್ಳುತ್ತೇನೆ.

ದುಡ್ಡಿನ ವಿಷಯ ಚುಟುಕಾಗಿ. ಎಷ್ಟೋ ಕಡೆ ಟಿಕೆಟ್ ಕೌಂಟರಿನಲ್ಲಿ ಕಾರ್ಡು ಮಾತ್ರ ನಡೆಯುತ್ತದೆ. ಶೌಚಾಲಯಕ್ಕೆ, ಬಕ್ಷೀಸಿಗೆ ಮಾತ್ರ ಚಿಲ್ಲರೆ ನೋಟು ಬೇಕು. ಪಪೈರಸ್, ಅತ್ತರು, ಅಲಬಾಸ್ಟರ್ ಅಂಗಡಿಗಳಲ್ಲಿ ಬಸ್ಸು ನಿಲ್ಲಿಸಬಾರದೆಂದು ಅಲ್ಲಿನ ಏಜೆಂಟರ ಹತ್ತಿರ ಮೊದಲೇ ಬರೆಸಿಕೊಳ್ಳುತ್ತೇನೆ. ಕಮಿಷನ್ ತಪ್ಪುವುದರಿಂದ ದರ ಸ್ವಲ್ಪ ಹೆಚ್ಚು ಹೇಳುತ್ತಾರೆ. ಕೊಟ್ಟುಬಿಡುವುದೇ ಅಗ್ಗ.

ಮ್ಯೂಸಿಯಂಗಳನ್ನು ಕೊನೆಯ ದಿನಕ್ಕೆ ಇಡುತ್ತೇನೆ, ಜಾಗ ನೋಡದೆ ವಸ್ತು ನೋಡಿದರೆ ಯಾವುದೂ ನೆನಪಿರುವುದಿಲ್ಲ. ಬೆಳಿಗ್ಗೆ ಗೀಜಾದ ಪಕ್ಕದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂ. 2025ರ ನವೆಂಬರಿನಲ್ಲಿ ಪೂರ್ತಿ ತೆರೆದ ಮೇಲೆ ಟುಟಂಖಾಮನ್‌ನ ಐದು ಸಾವಿರಕ್ಕೂ ಹೆಚ್ಚು ವಸ್ತುಗಳು ಒಂದೇ ಕಡೆ ನೋಡಲು ಸಿಗುತ್ತವೆ. ಮಧ್ಯಾಹ್ನದ ಮೇಲೆ ಕೈರೋದ ಫುಸ್ತಾತ್‌ನ ಮ್ಯೂಸಿಯಂ, ದೊರೆಗಳ ಮಮ್ಮಿಗಳಿರುವುದು ಅಲ್ಲಿ. ಇದನ್ನು ದಿನದ ಕೊನೆಗೇ ಇಟ್ಟುಕೊಳ್ಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಎರಡನೇ ರಾಮ್ಸೆಸ್ ಆದರೇನು, ಹೆಣ ಹೆಣವೇ, ನೋಡಿ ಬಂದ ಮೇಲೆ ತಲೆಗೆ ನೀರು ಹಾಕಿಕೊಳ್ಳದೆ ಊಟಕ್ಕೆ ಕೂರುವುದು ಹೇಗೆ ಎನ್ನುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ಅಲ್ಲಿಂದ ಬಸ್ಸು ನೇರ ಹೋಟೆಲಿಗೆ. ಎಲ್ಲರ ಸ್ನಾನ ಮುಗಿಯಲು ಒಂದು ಗಂಟೆ ಬಿಟ್ಟು ರಾತ್ರಿ ಊಟ ಹೇಳಿರುತ್ತೇನೆ.