ಕತ್ತಲಿಗೆ ಕಿವಿಗೊಟ್ಟು ಗೂಬೆ ಎಣಿಸುವುದು ಹೇಗೆ?

ಗೂಬೆ ಗಣತಿ ಎಂದರೆ ಗೂಬೆಯನ್ನು ಹುಡುಕಿಕೊಂಡು ಅಲೆಯುವುದಲ್ಲ. ಗೊತ್ತುಮಾಡಿದ ಜಾಗದಲ್ಲಿ, ಗೊತ್ತುಮಾಡಿದ ಹೊತ್ತಿಗೆ ಸುಮ್ಮನೆ ನಿಂತು, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದುಕೊಳ್ಳುವುದು. ಏನೂ ಕೇಳದಿದ್ದರೆ ‘ಸೊನ್ನೆ’ ಎಂದು ಬರೆಯುವುದು. ಹೊಸಬರು ಎಡವುವುದು ಇಲ್ಲೇ. ಖಾಲಿ ಸಂಜೆಯ ಹಾಳೆಯನ್ನು ಕಳಿಸದೆ ಇಟ್ಟುಕೊಳ್ಳುತ್ತಾರೆ. ಕೂಗು ಕೇಳಿದ ರಾತ್ರಿಗಳಷ್ಟೇ ದಾಖಲಾದರೆ ಗೂಬೆಗಳು ಎಲ್ಲೆಲ್ಲೂ ಇವೆ ಎಂಬ ಸುಳ್ಳು ಚಿತ್ರ ಮೂಡುತ್ತದೆ.

ಈ ಗಣತಿ ಸಾಮಾನ್ಯವಾಗಿ ನಡೆಯುವುದು ವಸಂತದಲ್ಲಿ. ವಸಂತವೇ ಏಕೆ? ಬಹಳಷ್ಟು ಜಾತಿಯ ಗೂಬೆಗಳು ತಮ್ಮ ಗಡಿ ಸಾರಲು, ಜೋಡಿಯನ್ನು ಕರೆಯಲು ಹೆಚ್ಚು ಕೂಗುವುದು ಆಗ. ಎಲೆ ಉದುರಿಸಿದ ಮರಗಳು ಮತ್ತೆ ದಟ್ಟವಾಗುವ ಮೊದಲು ದನಿ ದೂರಕ್ಕೂ ಸಾಗುತ್ತದೆ. ತಡವಾದಷ್ಟೂ ಕಪ್ಪೆ, ಕೀಟಗಳ ಗದ್ದಲ ಏರುತ್ತದೆ.

ಹಗಲಲ್ಲೇ ಮುಗಿಸಬೇಕಾದ ಕೆಲಸ

ಕೇಳುವ ತಾಣಗಳನ್ನು ಬೆಳಕಿರುವಾಗಲೇ ನೋಡಿಬನ್ನಿ. ಒಂದು ಸಂಜೆಗೆ 8ರಿಂದ 10 ತಾಣ ಸಾಕು. ವಾಹನದಲ್ಲಿ ಹೋಗುವ ದಾರಿಯಾದರೆ ತಾಣಗಳ ನಡುವೆ 1.6 ಕಿಲೋಮೀಟರ್ ಅಂತರವಿಡುವುದು ರೂಢಿ. ನಿಶ್ಶಬ್ದ ರಾತ್ರಿಯಲ್ಲಿ ದೊಡ್ಡ ಗೂಬೆಯ ಕೂಗು ಒಂದು ಕಿಲೋಮೀಟರ್ ದಾಟಬಲ್ಲದು. ತಾಣಗಳು ಹತ್ತಿರವಿದ್ದರೆ ಒಂದೇ ಹಕ್ಕಿ ಎರಡು ಕಡೆ ಲೆಕ್ಕಕ್ಕೆ ಬೀಳುತ್ತದೆ. ಹರಿಯುವ ತೊರೆ, ಪಂಪ್‌ಸೆಟ್, ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರ್, ಕಾವಲು ನಾಯಿ ಇರುವ ಕಡೆ ನಿಲ್ಲಬೇಡಿ. ಖಾಸಗಿ ಜಮೀನು, ಕಾಯ್ದಿಟ್ಟ ಕಾಡು ಎಂದಾದರೆ ಮೊದಲೇ ಅನುಮತಿ ಪಡೆಯಿರಿ.

ಜೊತೆಗೆ ದಿಕ್ಸೂಚಿ, ಕೆಂಪು ಬೆಳಕಿನ ತಲೆದೀಪ, ಗಡಿಯಾರ, ಧ್ವನಿಮುದ್ರಣಕ್ಕೆ ಫೋನ್, ದಾಖಲೆ ಹಾಳೆ ಇರಲಿ. ಬರೆಯಲು ಪೆನ್ಸಿಲ್ಲೇ ಬೇಕು. ಇಬ್ಬನಿಗೆ ಒದ್ದೆಯಾದ ಕಾಗದದ ಮೇಲೆ ಪೆನ್ನು ಕೈಕೊಡುತ್ತದೆ. ಸರಬರ ಸದ್ದು ಮಾಡುವ ಜಾಕೆಟ್ ಬೇಡ, ಹತ್ತಿ ಅಥವಾ ಉಣ್ಣೆ ಬಟ್ಟೆ ಒಳ್ಳೆಯದು. ಎತ್ತರದ ಬೂಟು ಧರಿಸಿ. ಒಬ್ಬರೇ ಹೋಗಬೇಡಿ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದನ್ನು ಯಾರಿಗಾದರೂ ತಿಳಿಸಿ ಹೊರಡಿ.

ಹವೆ ಸರಿಯಿಲ್ಲದಿದ್ದರೆ ಆ ದಿನ ಬಿಟ್ಟುಬಿಡಿ. ಎಲೆಗಳೂ ಸಣ್ಣ ಕಡ್ಡಿಗಳೂ ಬಿಡದೆ ಅಲ್ಲಾಡುತ್ತಿದ್ದರೆ ಗಾಳಿ ಬ್ಯೂಫೋರ್ಟ್ ಮಾಪಕದಲ್ಲಿ 3, ಅಂದರೆ ಗಂಟೆಗೆ 12ರಿಂದ 19 ಕಿಲೋಮೀಟರ್. ಅದೇ ಕೊನೆಯ ಮಿತಿ. ಧೂಳು ಏಳುತ್ತಿದ್ದರೆ ಮನೆಗೆ ಹಿಂತಿರುಗಿ. ಗಾಳಿಯ ಮೊರೆತ ದೊಡ್ಡ ಗೂಬೆಗಳ ತಗ್ಗುದನಿಯನ್ನೇ ಮೊದಲು ನುಂಗುತ್ತದೆ. ಹನಿಮಳೆ ನಿಂತರೂ ಮರಗಳಿಂದ ತೊಟ್ಟಿಕ್ಕುವ ಸದ್ದು ಬಹಳ ಹೊತ್ತು ಉಳಿದಿರುತ್ತದೆ.

ತಾಣದಲ್ಲಿ ನಿಂತ ಮೇಲೆ

ಸೂರ್ಯ ಮುಳುಗಿ ಅರ್ಧ ಗಂಟೆಗೆ ಮೊದಲ ತಾಣದಲ್ಲಿರಿ. ಎಂಜಿನ್ ಆರಿಸಿ 20–30 ಮೀಟರ್ ದೂರ ನಡೆಯಿರಿ. ತಣ್ಣಗಾಗುವ ಎಂಜಿನ್ನಿನ ಟಿಕ್‌ಟಿಕ್ ಸದ್ದು ಕಿವಿಗೆ ಅಡ್ಡಬರುತ್ತದೆ. ಕಿವಿ ಹದಕ್ಕೆ ಬರಲು ಒಂದೆರಡು ನಿಮಿಷ ಬಿಡಿ. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು, ಒಂದು ಸಲ ಫೋನ್ ಪರದೆ ನೋಡಿದರೂ ಅದು ಹಾಳಾಗುತ್ತದೆ. ಕೆಂಪು ದೀಪ ಅದಕ್ಕೇ. ಬಳಿಕ ಪೂರ್ತಿ 5 ನಿಮಿಷ ಮಾತಿಲ್ಲದೆ ಆಲಿಸಿ. ನಿಮ್ಮ ಗಣತಿಯ ನಿಯಮ 10 ನಿಮಿಷ ಎಂದಿದ್ದರೆ 10. ಎಷ್ಟೇ ಇರಲಿ, ಪ್ರತಿ ತಾಣದಲ್ಲೂ ಪ್ರತಿ ಸಲವೂ ಅಷ್ಟೇ ಇರಬೇಕು. ‘ಇಲ್ಲಿ ಖಂಡಿತ ಇದೆ, ಇನ್ನು ಸ್ವಲ್ಪ ಕಾಯೋಣ’ ಎಂದು ಒಂದೇ ತಾಣದಲ್ಲಿ ಹೊತ್ತು ಬೆಳೆಸಿದರೆ ಹೋಲಿಕೆ ಕೆಟ್ಟಿತು.

ಹಾಳೆಯಲ್ಲಿ ಒಂದೊಂದು ಹಕ್ಕಿಗೆ ಒಂದೊಂದು ಸಾಲು, ಒಂದೊಂದು ನಿಮಿಷಕ್ಕೆ ಒಂದೊಂದು ಚೌಕ. ಕೂಗಿದ ನಿಮಿಷದ ಚೌಕಕ್ಕೆ ಗುರುತು ಹಾಕಿ. ಈ ಚೌಕಗಳಿಂದಲೇ ಹಕ್ಕಿಯಿದ್ದೂ ಕಿವಿಗೆ ಬೀಳದ ಸಂಭವವನ್ನು ಆಮೇಲೆ ಅಂದಾಜಿಸುತ್ತಾರೆ.

ಎರಡೂ ಅಂಗೈಗಳನ್ನು ಬೊಗಸೆ ಮಾಡಿ ಕಿವಿಯ ಹಿಂದೆ ಹಿಡಿದು ನಿಧಾನ ತಿರುಗಿ. ದನಿ ನೇರ ಮುಂದೆ ಬಂದಲ್ಲಿ ದಿಕ್ಸೂಚಿ ನೋಡಿ. ವಾಹನದ ಬಳಿ ನೋಡಿದರೆ ಸೂಜಿ ದಾರಿ ತಪ್ಪುತ್ತದೆ. ದಿಕ್ಕು 5 ಡಿಗ್ರಿ ತಪ್ಪಿದರೆ 500 ಮೀಟರ್ ಆಚೆಗೆ ಹಕ್ಕಿಯ ಜಾಗ ಸುಮಾರು 44 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ದೂರದ ಅಂದಾಜು ಇನ್ನೂ ಕಷ್ಟ. ಹಕ್ಕಿ ಕತ್ತು ಆಚೆ ತಿರುಗಿಸಿದರೆ ಸಾಕು, ಹತ್ತಿರದ ಕೂಗೂ ದೂರದ್ದೆನಿಸುತ್ತದೆ. ಹಾಗಾಗಿ ‘100 ಮೀಟರ್ ಒಳಗೆ’, ‘100ರಿಂದ 400’, ‘ಅದಕ್ಕೂ ಆಚೆ’ ಎಂಬ ಮೂರೇ ವರ್ಗ ಸಾಕು. ನಿಖರ ಜಾಗ ಬೇಕೇಬೇಕಾದರೆ 200–300 ಮೀಟರ್ ಸರಿದು ಮತ್ತೊಂದು ದಿಕ್ಕು ಹಿಡಿಯಿರಿ. ನಕ್ಷೆಯ ಮೇಲೆ ಎರಡು ಗೆರೆಗಳು ಲಂಬಕೋನಕ್ಕೆ ಹತ್ತಿರವಾಗಿ ಕೂಡಿದಷ್ಟೂ ಒಳ್ಳೆಯದು.

ಎಷ್ಟು ಹಕ್ಕಿ? ಎರಡು ದನಿ ಒಟ್ಟೊಟ್ಟಿಗೆ ಕೇಳಿದರೆ ಮಾತ್ರ ಎರಡೆಂದು ಖಚಿತ. ಇಲ್ಲಿ ಕೂಗಿ ನಿಂತು ಎರಡು ನಿಮಿಷದ ಬಳಿಕ ಅಲ್ಲಿ ಕೇಳಿದ್ದು ಹಾರಿಹೋದ ಅದೇ ಹಕ್ಕಿಯಾಗಿರಬಹುದು. ಗೂಬೆಯ ರೆಕ್ಕೆಗರಿಯ ಮುಂದಿನ ಅಂಚು ಬಾಚಣಿಗೆಯಂತಿದ್ದು ಹಾರಾಟದ ಸದ್ದನ್ನು ತಗ್ಗಿಸುವುದರಿಂದ ಅದು ಹೋದದ್ದು ನಿಮಗೆ ತಿಳಿಯುವುದಿಲ್ಲ. ಇದಕ್ಕೆ ತದ್ವಿರುದ್ಧದ ತಪ್ಪೂ ಇದೆ: ಯುರೋಪಿನ ಟಾನಿ ಗೂಬೆಯ ‘ಕೀವಿಕ್’ ಮತ್ತು ಉದ್ದನೆಯ ‘ಹೂ’ ಒಂದೇ ಹಕ್ಕಿಯದೆಂದು ಭಾವಿಸುವವರಿದ್ದಾರೆ. ಸಾಮಾನ್ಯವಾಗಿ ಅದು ಹೆಣ್ಣು ಗಂಡುಗಳ ಸವಾಲು–ಜವಾಬು.

ಎಲ್ಲ ಗೂಬೆಗಳೂ ‘ಗೂ’ ಎನ್ನುವುದಿಲ್ಲ ಎಂಬುದನ್ನು ಮೊದಲೇ ಕೇಳಿ ಅಭ್ಯಾಸ ಮಾಡಿಕೊಳ್ಳಿ. ಕಣಜದ ಗೂಬೆ ಕರ್ಕಶವಾಗಿ ಚೀರುತ್ತದೆ, ಬುಸುಗುಡುತ್ತದೆ. ಉದ್ದಕಿವಿ ಗೂಬೆಯ ಮರಿ ಎಣ್ಣೆ ಕಾಣದ ಗೇಟಿನಂತೆ ಕಿರುಗುಟ್ಟುತ್ತದೆ. ಯುರೋಪಿನಲ್ಲಿ ಸ್ಕಾಪ್ಸ್ ಗೂಬೆಯ ಕೂಗು ಯಾವುದು, ಅಲ್ಲಿನ ಮಿಡ್‌ವೈಫ್ ಕಪ್ಪೆಯ ದನಿ ಯಾವುದು ಎಂದು ತಿಳಿಯದೆ ಅನುಭವಿಗಳೇ ಮೋಸಹೋಗುತ್ತಾರೆ. ಅನುಮಾನ ಬಂದರೆ ‘ಗುರುತಾಗದ ಗೂಬೆ’ ಎಂದೇ ಬರೆದು ಧ್ವನಿ ಹಿಡಿದಿಡಿ. ಕಡತ ಧ್ವನಿಯನ್ನು ಕುಗ್ಗಿಸದೆ ಉಳಿಸುವ ಡಬ್ಲ್ಯುಎವಿ (WAV) ರೂಪದಲ್ಲಿರಲಿ. ದಿನಾಂಕ, ಹೊತ್ತು, ತಾಣದ ಸಂಖ್ಯೆಯನ್ನು ಕೊನೆಯಲ್ಲಿ ಬಾಯಲ್ಲೇ ಹೇಳಿ. ಹಕ್ಕಿಯ ದನಿ ಗುರುತಿಸುವ ಆಪ್ ಹೇಳುವ ಹೆಸರು ಸುಳಿವು ಮಾತ್ರ, ಪುರಾವೆಯಲ್ಲ.

ಮಾಡಬಾರದ್ದು

ಉತ್ತರ ಬರಲೆಂದು ಫೋನಿನಲ್ಲಿ ಗೂಬೆಯ ಕೂಗು ಹಾಕಬೇಡಿ. ಗಂಡು ತನ್ನ ಗಡಿಗೆ ಎದುರಾಳಿ ಬಂದನೆಂದು ಬೇಟೆ ಬಿಟ್ಟು ಬರುತ್ತದೆ. ಸಣ್ಣ ಗೂಬೆಗಳನ್ನು ಹಿಡಿದು ತಿನ್ನುವ ದೊಡ್ಡ ಗೂಬೆಯ ದನಿ ಹಾಕಿದರಂತೂ ಸಣ್ಣವು ಗಪ್‌ಚುಪ್ ಆಗುತ್ತವೆ, ಎಣಿಕೆಯೇ ಹಾಳು. ಧ್ವನಿ ಹಾಕುವ ಗಣತಿಗಳೂ ಇವೆ. ಅವುಗಳಲ್ಲಿ ಸಣ್ಣ ಜಾತಿಯಿಂದ ದೊಡ್ಡದಕ್ಕೆ ಹೋಗುವ ಕ್ರಮವಿರುತ್ತದೆ, ತರಬೇತಾದವರೇ ಮಾಡುತ್ತಾರೆ.

ಗೂಡು ಕಂಡರೆ ಹತ್ತಿರ ಹೋಗಬೇಡಿ, ದೀಪ ಬಿಡಬೇಡಿ. ಬೆದರಿದ ತಾಯಿ ಎದ್ದರೆ ಮೊಟ್ಟೆ ತಣ್ಣಗಾಗುತ್ತದೆ. ಹಾರಲು ಬಾರದ ಮರಿ ಕೊಂಬೆಯ ಮೇಲೋ ನೆಲದ ಮೇಲೋ ಕೂತಿದ್ದರೆ ಅನಾಥವೆಂದು ಎತ್ತಿಕೊಂಡು ಬರಬೇಡಿ. ಹಲವು ಜಾತಿಗಳ ಮರಿಗಳು ಹಾರುವ ಮೊದಲೇ ಗೂಡು ಬಿಡುತ್ತವೆ, ತಂದೆತಾಯಿ ಅಲ್ಲೇ ಉಣಿಸುತ್ತವೆ. ಗೂಡಿನ ಜಾಗ ಗಣತಿಯ ಸಂಯೋಜಕರಿಗೆ ಮಾತ್ರ ತಿಳಿಸಿ, ಸಾಮಾಜಿಕ ಜಾಲತಾಣದಲ್ಲಿ ಬೇಡ.

ಒಂದು ಸಂಜೆಗೆ ಕೆಲಸ ಮುಗಿಯದು. ಇರುವ ಗೂಬೆ ಒಂದು ಭೇಟಿಯಲ್ಲಿ ಕೇಳಿಸುವ ಸಾಧ್ಯತೆ ಅರ್ಧಕ್ಕರ್ಧ ಎಂದಿಟ್ಟುಕೊಳ್ಳಿ; ಮೂರು ಭೇಟಿಯಲ್ಲಿ ಒಮ್ಮೆಯಾದರೂ ಕೇಳಿಸುವ ಸಾಧ್ಯತೆ 87.5 ಶೇಕಡಕ್ಕೆ ಏರುತ್ತದೆ. ಎರಡು–ಮೂರು ವಾರ ಬಿಟ್ಟು ಅದೇ ತಾಣಗಳಿಗೆ ಹೋಗಿ, ಆದರೆ ಎರಡನೇ ಸಲ ಕೊನೆಯ ತಾಣದಿಂದ ಶುರುಮಾಡಿ. ಇಲ್ಲವಾದರೆ ಒಂದು ತುದಿಗೆ ಯಾವಾಗಲೂ ಮುಸ್ಸಂಜೆ, ಇನ್ನೊಂದಕ್ಕೆ ಯಾವಾಗಲೂ ನಡುರಾತ್ರಿ. ಗಾಳಿ, ಮೋಡ, ಚಂದ್ರನ ಹಂತ, ಶುರುವಾದ ಮತ್ತು ಮುಗಿದ ಹೊತ್ತು, ಸೊನ್ನೆಗಳು ಎಲ್ಲವನ್ನೂ ಮರುದಿನ ಬೆಳಿಗ್ಗೆಯೇ ಒಪ್ಪವಾಗಿ ತುಂಬಿ ಕಳಿಸಿ. ಕತ್ತಲಲ್ಲಿ ಗೀಚಿದ ಅಕ್ಷರ ವಾರ ಕಳೆದರೆ ಬರೆದವರಿಗೇ ಓದಲು ಬಾರದು.